ಲಿನಕ್ಸಿನ ಶಂಕಾಸಮಾಧಾನ

ಲಿನಕ್ಸ್ ಎಂಬ ಗಣಕಯಂತ್ರ ವ್ಯವಸ್ಥೆಯ ವಿಷಯದಲ್ಲಿ ಜನರಿಗೆ ಉಂಟಾಗುವ ಸಂದೇಹಗಳನ್ನು ಅಂತರಜಾಲದ ಮೂಲಕ, ಪ್ರತಿಫಲವನ್ನಪೇಕ್ಷಿಸದೆ, ಪರಿಹರಿಸಿಕೊಡುವ ಪದ್ಧತಿಯೊಂದು ಮೂವತ್ತು ವರ್ಷಗಳಿಗೂ ಮೀರಿದ ಕಾಲದಿಂದ ಲೋಕದಲ್ಲಿ ನಡೆದು ಬಂದಿರುತ್ತದೆ. ಆ ಪದ್ಧತಿಯ ಸ್ವರೂಪವೇನು, ಉತ್ತರ ಹೇಳುವವನು ಅನುಸರಿಸತಕ್ಕ ಕ್ರಮವೇನು, ಕನ್ನಡನಾಡಿನಲ್ಲಿ, ಅದರಲ್ಲಿಯೂ ಖಾನಾಪುರದಂಥ ಗಡಿತಾಲೂಕಿನಲ್ಲಿ, ಅದಕ್ಕೆ ಒದಗುವ ತೊಡಕುಗಳೇನು ಎಂಬದನ್ನು ಯಥಾಮತಿಯಾಗಿ ವಿವೇಚಿಸುವದು ಈ ಲೇಖನದ ಉದ್ದೇಶವು. ಶಾಸನ, ಛಂದಸ್ಸು, ವ್ಯಾಕರಣಗಳನ್ನು ಕುರಿತ ಬರಹಗಳನ್ನು ಓದುವ ವಾಡಿಕೆಯುಳ್ಳ ವಾಚಕರಿಗೆ ಈ ವಿಷಯವು ಹೊರಗಿನದೆಂದು ತೋರಬಹುದು. ಆದರೆ ಶಾಸನದ ಪಾಠವನ್ನು ಅಚ್ಚಿಗೆ ಕೊಡುವವರೂ ಇಂದು ಗಣಕಯಂತ್ರದಲ್ಲಿಯೇ ಅದನ್ನು ಬರೆಯುವರಾದ್ದರಿಂದಲೂ, ಪ್ರಶ್ನೋತ್ತರರೂಪವಾದ ವಿದ್ಯೆಯು ನಮ್ಮ ಶಾಸ್ತ್ರಗಳಿಗೆ ಹೊಸದಲ್ಲವಾದ್ದರಿಂದಲೂ ಅವರು ಇದನ್ನು ತಾಳ್ಮೆಯಿಂದ ಓದುವರೆಂದು ನಂಬಿರುತ್ತೇನೆ.

ಮೊದಲು ಲಿನಕ್ಸ್ ಎಂದರೇನೆಂಬದನ್ನು ಹೇಳಬೇಕು. ಗಣಕಯಂತ್ರದ ಸ್ಮೃತಿ, ಸಂಗ್ರಹತಟ್ಟೆ, ಕೀಲಿಮಣೆ, ಪರದೆ ಮೊದಲಾದ ಅಂಗಗಳನ್ನು ಒಂದು ಆಡಳಿತದಲ್ಲಿಟ್ಟು, ನಾವು ಬಳಸುವ ಇತರ ತಂತ್ರಾಂಶಗಳಿಗೆ ಅವುಗಳನ್ನು ಹಂಚಿಕೊಡುವ ತಿರುಳಿನ ತಂತ್ರಾಂಶಕ್ಕೆ ಕರ್ನೆಲ್ ಎಂದು ಹೆಸರು. ಇಂಥ ಒಂದು ಕರ್ನೆಲನ್ನು ತಾನು ರಚಿಸುತ್ತಿರುವೆನೆಂದು ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸನು ೧೯೯೧ನೆಯ ಇಸವಿಯ ಆಗಸ್ಟ್ ೨೫ರಂದು ಪ್ರಕಟಿಸಿದನು. ಆ ಪ್ರಕಟನೆಯೇ ಒಂದು ಪ್ರಶ್ನೆಯ ರೂಪದಲ್ಲಿತ್ತೆಂಬದು ಗಮನಿಸತಕ್ಕ ಸಂಗತಿ. ಜನರಿಗೆ ಯಾವ ಯಾವ ಸೌಕರ್ಯಗಳು ಬೇಕೆಂದು ಅವನು ಅದರಲ್ಲಿ ಕೇಳಿದ್ದನು. ಅದಕ್ಕೂ ಮೊದಲು, ೧೯೮೩ರಲ್ಲಿ, ರಿಚರ್ಡ್ ಸ್ಟಾಲ್ಮನ್ನನು ಗ್ನೂ ಎಂಬ ಯೋಜನೆಯನ್ನು ಸಾರಿ, ಸರ್ವರೂ ಬಳಸಿ, ಬಿಚ್ಚಿ ನೋಡಿ, ತಿದ್ದಿ, ಹಂಚಿಕೊಳ್ಳಬಹುದಾದ ತಂತ್ರಾಂಶಗಳನ್ನು ಸಿದ್ಧಪಡಿಸತೊಡಗಿದ್ದನು. ೧೯೯೨ರಲ್ಲಿ ಟೊರ್ವಾಲ್ಡ್ಸನು ತನ್ನ ಕರ್ನೆಲನ್ನೂ ಗ್ನೂ ಯೋಜನೆಯ ಪರವಾನಗಿಗೆ ಒಳಪಡಿಸಿದನು. ಇವೆರಡರ ಕೂಟವನ್ನೇ ಜನರು ಸಂಕ್ಷೇಪವಾಗಿ ಲಿನಕ್ಸ್ ಎನ್ನುವರು. ಅದನ್ನು ಉಬುಂಟು, ಡೆಬಿಯನ್, ಫೆಡೋರಾ ಮೊದಲಾದ ಹೆಸರುಗಳಿಂದ ಬೇರೆ ಬೇರೆ ವಿತರಣೆಗಳಾಗಿ ಕಟ್ಟಿ ಕೊಡುವರು.

ಆ ಪರವಾನಗಿಯಲ್ಲಿ ಸ್ವಾತಂತ್ರ್ಯದೊಡನೆ ಮತ್ತೊಂದು ಮಾತೂ ಉಂಟು. ತಂತ್ರಾಂಶವನ್ನು ಇದ್ದದ್ದು ಇದ್ದಂತೆ ಕೊಟ್ಟಿರುತ್ತದೆ; ಅದರಿಂದ ಒದಗುವ ಹಾನಿಗೆ ರಚಿಸಿದವರು ಹೊಣೆಗಾರರಲ್ಲ. ಮಾರಿದವನಿಲ್ಲದ ವಸ್ತುವು ಕೆಟ್ಟರೆ ಯಾರನ್ನು ಕೇಳಬೇಕು? ರೆಡ್ ಹ್ಯಾಟ್ ಮೊದಲಾದ ಸಂಸ್ಥೆಗಳು ದೊಡ್ಡ ಕಚೇರಿಗಳಿಗೆ ಹಣ ಪಡೆದು ಈ ನೆರವನ್ನು ಕೊಡುತ್ತವೆ. ಮನೆಯಲ್ಲಿ ಒಂದು ಹಳೆಯ ಯಂತ್ರವನ್ನಿಟ್ಟುಕೊಂಡವನಿಗಾಗಲಿ, ತಹಶೀಲದಾರರ ಕಚೇರಿಯ ಎದುರು ಅರ್ಜಿ ಬೆರಳಚ್ಚು ಮಾಡಿ ಜೀವಿಸುವವನಿಗಾಗಲಿ ಅದು ಎಟಕುವದಲ್ಲ. ಆದ್ದರಿಂದ ಬಳಸುವವರೇ ಬಳಸುವವರಿಗೆ ಉತ್ತರ ಹೇಳಿಕೊಳ್ಳುವ ಪದ್ಧತಿಯು ಈ ವ್ಯವಸ್ಥೆಯೊಡನೆ ಹುಟ್ಟಿಯೇ ಬಂದಿತು.

ನಾನು ಈ ಮಾರ್ಗಕ್ಕೆ ಬಂದದ್ದು ಪ್ರಶ್ನೆ ಕೇಳುವವನಾಗಿ. ಪಾಠಶಾಲೆಗಳಲ್ಲಿ ವ್ಯಾಕರಣವನ್ನೂ ತರ್ಕವನ್ನೂ ಓದಿ, ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತ ಕಾಲ ಕಳೆಯುವ ನನಗೆ ಯಂತ್ರಶಾಸ್ತ್ರವು ಅಭ್ಯಸ್ತವಾದದ್ದಲ್ಲ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನನ್ನ ತಂಗಿಯ ಮಗನು ತನ್ನ ಹಳೆಯ ಯಂತ್ರವನ್ನು ನನಗೆ ಕೊಟ್ಟನು. ಅದು ಹೊಸ ವಿಂಡೋಸ್ ವ್ಯವಸ್ಥೆಯ ಭಾರವನ್ನು ತಾಳದಾದ್ದರಿಂದ ಅದರಲ್ಲಿ ಉಬುಂಟುವನ್ನು ಹಾಕಿ, “ಮಾಮಾ, ಏನರ ಅಡಚಣಿ ಬಂದ್ರ ಜಾಲದಾಗ ಕೇಳ್ರಿ, ಹೇಳಾವ್ರು ಇರ್ತಾರ” ಎಂದು ತಿಳಿಸಿ ಪುಣೆಗೆ ಹೊರಟುಹೋದನು. ಕೆಲವು ದಿನಗಳಲ್ಲಿಯೇ ಅಡಚಣಿ ಬಂದಿತು. ವಿದ್ಯಾರ್ಥಿಗಳಿಗಾಗಿ ಒಂದು ಸೂಕ್ತವನ್ನು ಸ್ವರಸಹಿತವಾಗಿ ಕನ್ನಡ ಲಿಪಿಯಲ್ಲಿ ಬರೆಯಬೇಕಾಗಿತ್ತು. ಅನುದಾತ್ತದ ಅಡಿಗೆರೆಯನ್ನೂ ಸ್ವರಿತದ ಮೇಲ್ಗೆರೆಯನ್ನೂ ಹಾಕಿದ ಕಡೆಗೆಲ್ಲ ಅಕ್ಷರದ ಮಗ್ಗುಲಲ್ಲಿ ಚುಕ್ಕೆಗಳಿಂದಾದ ಒಂದು ವರ್ತುಲವು ಮೂಡುತ್ತಿತ್ತು. (ಈ ಮೇಲ್ಗೆರೆಗೆ ಯೂನಿಕೋಡಿನವರು ಇಟ್ಟ ಹೆಸರು ಉದಾತ್ತವೆಂದು, ಆದರೆ ಋಕ್ಪಾಠದಲ್ಲಿ ಆ ಗೆರೆಯು ಗುರುತಿಸುವದು ಸ್ವರಿತವನ್ನು. ಹೆಸರಿಟ್ಟವರು ಒಬ್ಬ ಘನಪಾಠಿಯನ್ನು ಕೇಳಿದ್ದರೆ ಚೆನ್ನಾಗಿತ್ತು.)

ನನ್ನ ಹರಕು ಇಂಗ್ಲಿಷಿನಲ್ಲಿ ಪ್ರಶ್ನೆಯನ್ನು ಬರೆದು ಕಳುಹಿಸಿದೆನು. ಒಂದು ದಿನದೊಳಗೆ ಒಬ್ಬನು ಉತ್ತರ ಬರೆದನು. ಅವನ ದೇಶವು ಯಾವದೆಂದು ನನಗೆ ಇಂದಿಗೂ ತಿಳಿಯದು. ಅವನಿಗೆ ಕನ್ನಡದ ಒಂದಕ್ಷರವೂ ಬಾರದೆಂಬದನ್ನು ಮಾತ್ರ ಅವನೇ ಹೇಳಿಕೊಂಡಿದ್ದನು. ಅವನು ಮೊದಲು ಉತ್ತರವನ್ನು ಹೇಳಲಿಲ್ಲ. ಎರಡು ಸಂಗತಿಗಳನ್ನು ಕೇಳಿದನು. ಬಳಸುತ್ತಿರುವ ಅಕ್ಷರಸಂಪುಟ, ಅಂದರೆ ಫಾಂಟು, ಯಾವದು? ಎಫ್‌ಸಿ-ಲಿಸ್ಟ್ ಎಂಬ ಆದೇಶಕ್ಕೆ ಆ ಸ್ವರಚಿಹ್ನೆಯ ಸಂಖ್ಯೆಯಾದ ೦೯೫೧ನ್ನು ಕೊಟ್ಟು ಕೇಳಿದರೆ, ಆ ಚಿಹ್ನೆಯುಳ್ಳ ಫಾಂಟುಗಳೆಂದು ಯಂತ್ರವು ಯಾವ ಯಾವ ಹೆಸರುಗಳನ್ನು ತೋರಿಸುತ್ತದೆ? ನಾನು ಬಳಸುತ್ತಿದ್ದ ಫಾಂಟು ಆ ಪಟ್ಟಿಯಲ್ಲಿರಲಿಲ್ಲ. ಚಿಹ್ನೆಯನ್ನು ಯಂತ್ರವು ಮತ್ತೊಂದು ಫಾಂಟಿನಿಂದ ಎರವಲು ತಂದು ಪಕ್ಕದಲ್ಲಿ ಕೂಡಿಸುತ್ತಿತ್ತಾದ್ದರಿಂದ ಅಕ್ಷರಕ್ಕೂ ಸ್ವರಕ್ಕೂ ಸಂಬಂಧವು ತಪ್ಪಿ ವರ್ತುಲವು ಕಾಣುತ್ತಿತ್ತು. ಕನ್ನಡದ ಅಕ್ಷರಗಳೂ ಸ್ವರಚಿಹ್ನೆಗಳೂ ಒಟ್ಟಿಗೆ ಇರುವ ಫಾಂಟನ್ನು ಹಾಕಿಕೊಂಡೊಡನೆ ದೋಷವು ನಿವಾರಣೆಯಾಯಿತು.

ಕನ್ನಡವರಿಯದವನು ಕನ್ನಡದ ದೋಷವನ್ನು ಹೇಗೆ ಕಂಡುಹಿಡಿದನೆಂದು ನಾನು ಬಹಳ ದಿನ ಆಲೋಚಿಸಿದೆನು. ಅವನು ಅನ್ವಯವ್ಯತಿರೇಕಗಳನ್ನು ಬಳಸಿದನು, ಅಷ್ಟೇ. ಯಾವದು ಇದ್ದರೆ ದೋಷವಿರುವದು, ಯಾವದು ಇಲ್ಲದಿದ್ದರೆ ದೋಷವಿಲ್ಲ ಎಂಬದನ್ನು ಒಂದೊಂದಾಗಿ ಬೇರ್ಪಡಿಸಿದನು. ನಾನು ತರ್ಕಪಾಠದಲ್ಲಿ ಹೊಗೆ ಮತ್ತು ಬೆಂಕಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗಿಸಿದ ಸಾಧನವನ್ನೇ ಅವನು ಫಾಂಟಿನ ಮೇಲೆ ಪ್ರಯೋಗಿಸಿದ್ದನು. ನಾನೂ ಬಲ್ಲಷ್ಟು ಉತ್ತರ ಹೇಳಬಹುದೆಂಬ ಧೈರ್ಯವು ನನಗೆ ಬಂದದ್ದು ಅಂದಿನಿಂದ.

ಉತ್ತರ ಹೇಳುವ ಕೆಲಸದಲ್ಲಿ ಕಷ್ಟವಾದ ಭಾಗವು ಪ್ರಶ್ನೆಯ ಅರ್ಥನಿರ್ಣಯವೆಂದು ಅನುಭವದಿಂದ ಹೇಳಬಲ್ಲೆನು. ಒಂದು ಉದಾಹರಣೆಯನ್ನು ಕೊಡುತ್ತೇನೆ. “ಲಿನಕ್ಸಿನಲ್ಲಿ ಕನ್ನಡ ಬರುವದಿಲ್ಲ” ಎಂಬ ಪ್ರಶ್ನೆಯು ನನಗೆ ಮೇಲಿಂದ ಮೇಲೆ ಬರುತ್ತದೆ. ಇದು ಒಂದೇ ವಾಕ್ಯವಾದರೂ ಇದಕ್ಕೆ ಕನಿಷ್ಠ ನಾಲ್ಕು ಅರ್ಥಗಳುಂಟು. ಕೀಲಿಯನ್ನು ಒತ್ತಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರವು ಬೀಳುತ್ತಿದ್ದರೆ, ಐಬಸ್ ಮೊದಲಾದ ಲೇಖನಸಾಧನದಲ್ಲಿ ಕನ್ನಡ ಕೀಲಿವಿನ್ಯಾಸವನ್ನು ಸೇರಿಸಿರುವದಿಲ್ಲ. ಅಕ್ಷರಗಳಿರಬೇಕಾದಲ್ಲಿ ಬರಿಯ ಚೌಕಗಳು ಕಾಣುತ್ತಿದ್ದರೆ ಕನ್ನಡದ ಫಾಂಟು ಇರುವದಿಲ್ಲ. ಅಕ್ಷರಗಳು ಕಂಡರೂ ಒತ್ತಕ್ಷರಗಳು ಕೆಳಗಿಳಿಯದೆ ಹಲಂತವಾಗಿ ಸಾಲಾಗಿ ನಿಂತರೆ, ಸಂಕೇತಗಳನ್ನು ಆಕೃತಿಗಳಾಗಿ ಜೋಡಿಸುವ ಭಾಗದಲ್ಲಿ ದೋಷವಿರುತ್ತದೆ.

ನಾಲ್ಕನೆಯದು ನಮ್ಮ ನಾಡಿಗೆ ವಿಶಿಷ್ಟವಾದದ್ದು. ಅದನ್ನು ಸ್ವಲ್ಪ ವಿಸ್ತರಿಸಬೇಕು. ಕಡತವನ್ನು ತೆರೆದರೆ ಕನ್ನಡವೂ ಅಲ್ಲದ ಇಂಗ್ಲಿಷೂ ಅಲ್ಲದ ವಿಕಾರವಾದ ರೋಮನ್ ಅಕ್ಷರಗಳ ರಾಶಿಯು ಕಾಣುವದು. ಕೇಳುವವನು ಲಿನಕ್ಸ್ ಕಡತವನ್ನು ಕೆಡಿಸಿತೆಂದು ತಿಳಿಯುತ್ತಾನೆ. ನಿಜಸಂಗತಿಯೇನೆಂದರೆ, ಯೂನಿಕೋಡ್ ಬಳಕೆಗೆ ಬರುವ ಮೊದಲು, ಮತ್ತು ಬಂದ ನಂತರವೂ ಬಹುಕಾಲ, ನುಡಿ, ಬರಹ ಮೊದಲಾದ ತಂತ್ರಾಂಶಗಳಲ್ಲಿ ಬರೆದ ಕನ್ನಡವು ಯಂತ್ರದ ಒಳಗೆ ಕನ್ನಡವೆಂದು ಸಂಗ್ರಹವಾಗುತ್ತಿರಲಿಲ್ಲ. ರೋಮನ್ ಅಕ್ಷರಗಳಿಗಾಗಿ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂಡಿಸಿದ ವಿಶೇಷ ಫಾಂಟುಗಳಿದ್ದವು. ಆ ಫಾಂಟನ್ನು ತೊಡಿಸಿದರೆ ಕನ್ನಡ, ತೆಗೆದರೆ ರೋಮನ್ ಗೊಂದಲ. ಯೂನಿಕೋಡಿನಲ್ಲಿಯಾದರೋ ಕನ್ನಡಕ್ಕೆ ತನ್ನದೇ ಆದ ೧೨೮ ಸ್ಥಾನಗಳುಂಟು. ಅಲ್ಲಿ ಕಕಾರವು ಯಾವ ಫಾಂಟಿನಲ್ಲಿಯೂ ಕಕಾರವೇ. ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಹಳೆಯ ಪದ್ಧತಿಯ ಕಡತಗಳು ಇನ್ನೂ ರಾಶಿಯಾಗಿ ಬಿದ್ದಿರುತ್ತವೆ. ಅವುಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರೇ ರಚಿಸಿ ಉಚಿತವಾಗಿ ಕೊಟ್ಟಿದ್ದಾರೆ. ಹೀಗೆ ನಾಲ್ಕು ಅರ್ಥಗಳಿಗೆ ನಾಲ್ಕು ಉತ್ತರಗಳು. ಒಂದರ ಉತ್ತರವನ್ನು ಮತ್ತೊಂದಕ್ಕೆ ಕೊಟ್ಟರೆ ಕೇಳಿದವನು ಅರ್ಧ ದಿನ ವ್ಯರ್ಥ ದುಡಿಯುತ್ತಾನೆ. ಆದ್ದರಿಂದ “ಬರುವದಿಲ್ಲವೆಂದರೆ ಪರದೆಯ ಮೇಲೆ ಏನು ಕಾಣುತ್ತದೆ?” ಎಂಬ ಮರುಪ್ರಶ್ನೆಯೇ ಇಲ್ಲಿ ಉತ್ತರದ ಮೊದಲ ಅಂಗವು.

ನಾನು ಕೊಟ್ಟ ಮೊಟ್ಟಮೊದಲನೆಯ ಉತ್ತರವು ಅರ್ಕಾವತ್ತನ್ನು ಕುರಿತದ್ದು. ಸೂರ್ಯ ಎಂಬಲ್ಲಿ ರೇಫವು ಅರ್ಕಾವತ್ತಾಗಿ ಬಲಗಡೆಗೆ ಹೋಗುವದು ನಮ್ಮ ಲಿಪಿಯ ಸಂಪ್ರದಾಯ. (ಪ್ರಾಚೀನ ಶಾಸನಗಳಲ್ಲಿ ಅದೇ ರೇಫವು ಅಕ್ಷರದ ತಲೆಯ ಮೇಲಿರುತ್ತಿತ್ತೆಂಬದನ್ನು ಶಾಸನಾಭ್ಯಾಸಿಗಳು ಬಲ್ಲರು.) ಆದರೆ ರ‍್ಯಾಂಕ್ ಎಂಬ ಪರಭಾಷೆಯ ಮಾತಿನಲ್ಲಿ ರಕಾರವು ಪೂರ್ಣವಾಗಿ ನಿಂತು ಯಕಾರವು ಒತ್ತಾಗಬೇಕು. ಒಬ್ಬ ಶಿಕ್ಷಕಿಯು ಇದನ್ನು ಬರೆಯುವದು ಹೇಗೆಂದು ಕೇಳಿದರು. ಯೂನಿಕೋಡಿನ ನಿಯಮದಂತೆ ರಕಾರಕ್ಕೂ ಹಲಂತಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ ಒಂದು ಸಂಯೋಜಕಸಂಕೇತವನ್ನು ಇಡಬೇಕು. ಕಂಟ್ರೋಲ್, ಶಿಫ್ಟ್, ಯು ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ, ಅನಂತರ ಎರಡು, ಸೊನ್ನೆ, ಸೊನ್ನೆ, ಡಿ ಎಂದು ಒತ್ತಿ, ಸ್ಪೇಸ್ ಕೀಲಿಯಿಂದ ಮುಗಿಸಿದರೆ ಅದು ಬರುವದೆಂದು ನಾನು ಸಡಗರದಿಂದ ಬರೆದೆನು. ಮರುದಿನ ಅವರು, “ನೀವು ಹೇಳಿದಂತೆ ಮಾಡಿದೆನು, ಏನೂ ಆಗಲಿಲ್ಲ” ಎಂದು ತಿಳಿಸಿದರು. ಕಾರಣವನ್ನು ಕಾಣುವದಕ್ಕೆ ನನಗೆ ಎರಡು ದಿನ ಹಿಡಿಯಿತು. ಕನ್ನಡ ವಿನ್ಯಾಸದಲ್ಲಿರುವಾಗ ಯು ಎಂಬ ಕೀಲಿಯು ಯು ಆಗಿರುವದಿಲ್ಲ! ರಕಾರವನ್ನು ಬರೆದ ಮೇಲೆ ಇಂಗ್ಲಿಷ್ ವಿನ್ಯಾಸಕ್ಕೆ ಹೋಗಿ, ಸಂಕೇತವನ್ನು ಹಾಕಿ, ಮತ್ತೆ ಕನ್ನಡಕ್ಕೆ ಬಂದು ಉಳಿದದ್ದನ್ನು ಬರೆಯಬೇಕೆಂಬ ಒಂದು ವಾಕ್ಯವನ್ನು ನಾನು ಬಿಟ್ಟಿದ್ದೆನು. ತನಗೆ ರೂಢಿಯಾದದ್ದು ಎಲ್ಲರಿಗೂ ತಿಳಿದದ್ದೆಂದು ಭಾವಿಸುವದು ಉತ್ತರ ಹೇಳುವವರ ಸಾಮಾನ್ಯ ದೋಷವು. ಟೀಕಾಕಾರರು ಕಠಿನವಾದ ಪಂಕ್ತಿಯನ್ನು ಸ್ಪಷ್ಟವೆಂದು ಹೇಳಿ ಮುಂದೆ ಹೋಗುವದನ್ನು ನಾವೆಲ್ಲರೂ ಕಂಡಿದ್ದೇವೆ.

ಆ ತಪ್ಪು ಎರಡು ದಿನದ ವಿಳಂಬದಲ್ಲಿ ಮುಗಿಯಿತು. ಇನ್ನೊಂದು ತಪ್ಪು ಹಾಗೆ ಮುಗಿಯಲಿಲ್ಲ. ಅದನ್ನು ಹೇಳದೆ ಬಿಡುವದು ಸರಿಯಲ್ಲ. ಬೆರಳಚ್ಚಿನ ಕೆಲಸದಿಂದ ಸಂಸಾರ ಸಾಗಿಸುವ ಒಬ್ಬರು, ಲಿನಕ್ಸನ್ನು ಪೆನ್ ಡ್ರೈವಿಗೆ ಬರೆದುಕೊಳ್ಳುವದು ಹೇಗೆಂದು ಕೇಳಿದ್ದರು. ಇದಕ್ಕೆ ಡಿಡಿ ಎಂಬ ಆದೇಶವುಂಟು. ಅದು ಒಂದು ಕಡೆಯಿಂದ ಓದಿದ್ದನ್ನು ಮತ್ತೊಂದು ಕಡೆಗೆ ಅಕ್ಷರಶಃ ಬರೆಯುತ್ತದೆ. ಬರೆಯುವ ಸ್ಥಳದಲ್ಲಿ ಮೊದಲು ಏನಿತ್ತೆಂದು ನೋಡುವದೂ ಇಲ್ಲ, ಕೇಳುವದೂ ಇಲ್ಲ. ನನ್ನ ಯಂತ್ರದಲ್ಲಿ ಪೆನ್ ಡ್ರೈವಿಗೆ ಎಸ್‌ಡಿಬಿ ಎಂಬ ಹೆಸರು ಬರುತ್ತಿತ್ತು. ನಾನು ಆ ಹೆಸರನ್ನೇ ಆದೇಶದಲ್ಲಿ ಬರೆದುಕೊಟ್ಟೆನು. ಅವರ ಯಂತ್ರದಲ್ಲಿ ಎರಡು ತಟ್ಟೆಗಳಿದ್ದವು. ಎರಡನೆಯ ತಟ್ಟೆಯಲ್ಲಿ ಅವರು ನಾಲ್ಕು ವರ್ಷ ಬೆರಳಚ್ಚು ಮಾಡಿದ ಗಿರಾಕಿಗಳ ಕಾಗದಪತ್ರಗಳಿದ್ದವು. ಎಸ್‌ಡಿಬಿ ಎಂಬದು ಅದರ ಹೆಸರಾಗಿತ್ತು. ಆ ರಾತ್ರಿ ಅವರಿಂದ ಬಂದ ಉತ್ತರವು ಒಂದೇ ಸಾಲಿನದು: “ನನ್ನ ಎಸ್‌ಡಿಬಿ ಬೇರೆ ಇತ್ತು.”

ಯಂತ್ರವನ್ನು ಒಡನೆ ನಿಲ್ಲಿಸಲು ಹೇಳಿ, ನನಗಿಂತ ಹೆಚ್ಚು ಬಲ್ಲವರನ್ನು ಜಾಲದಲ್ಲಿ ಬೇಡಿಕೊಂಡೆನು. ಅಪರಿಚಿತರಿಬ್ಬರು ಮೂರು ರಾತ್ರಿ ನಮ್ಮ ಸಂಗಡ ಕುಳಿತರು. ಫೋಟೊರೆಕ್ ಎಂಬ ಸಾಧನದಿಂದ ತಟ್ಟೆಯ ಉಳಿದ ಭಾಗದಲ್ಲಿದ್ದ ಕಡತಗಳು ಬಹುಮಟ್ಟಿಗೆ ದೊರೆತವು. ಆದರೆ ಆ ಸಾಧನವು ಕಡತದ ಒಡಲನ್ನು ತರುತ್ತದೆಯೇ ಹೊರತು ಹೆಸರನ್ನು ತರುವದಿಲ್ಲ. ಹೆಸರಿಲ್ಲದ ಸಾವಿರಾರು ಕಡತಗಳನ್ನು ಅವರು ಒಂದೊಂದಾಗಿ ತೆರೆದು ನೋಡಬೇಕಾಯಿತು. ತಟ್ಟೆಯ ಆರಂಭದಲ್ಲಿದ್ದವು ಬರಲೇ ಇಲ್ಲ. ಪರವಾನಗಿಯ ಮಾತಿನಂತೆ ನಾನು ಹೊಣೆಗಾರನಲ್ಲ. ಆದರೂ ಅಂದಿನಿಂದ ಯಾವ ಆದೇಶವನ್ನು ಬರೆಯುವ ಮೊದಲೂ ಎಲ್‌ಎಸ್‌ಬಿಎಲ್‌ಕೆ ಎಂಬ ಆದೇಶದಿಂದ ಕೇಳುವವರ ಯಂತ್ರದ ತಟ್ಟೆಗಳ ಪಟ್ಟಿಯನ್ನು ತರಿಸಿಕೊಂಡು, ಗಾತ್ರವನ್ನು ನೋಡಿ, ಪೆನ್ ಡ್ರೈವ್ ಯಾವದೆಂದು ಅವರಿಂದಲೇ ಹೇಳಿಸಿಕೊಳ್ಳುತ್ತೇನೆ. ಆದೇಶದ ಪ್ರತಿಯೊಂದು ಪದದ ಅರ್ಥವನ್ನು ಪದಚ್ಛೇದ ಮಾಡಿ ಬರೆಯುತ್ತೇನೆ. ಅಳಿಸುವ ಆದೇಶವಾದರೆ ಮೊದಲು ಪ್ರತಿಯೊಂದನ್ನು ತೆಗೆದಿಡಿರೆಂದು ಹೇಳಿ, ಅವರು ತೆಗೆದಿಟ್ಟೆನೆಂದು ಬರೆದ ಮೇಲೆಯೇ ಮುಂದಿನ ಸಾಲನ್ನು ಕೊಡುತ್ತೇನೆ. ಇದರಿಂದ ನನ್ನ ಉತ್ತರಗಳು ಉದ್ದವಾದವೆಂದು ಕೆಲವರು ಆಕ್ಷೇಪಿಸುತ್ತಾರೆ. ಆಕ್ಷೇಪವು ನಿಜವೇ.

ಪ್ರಶ್ನೆ ಕೇಳುವವನ ಕರ್ತವ್ಯಗಳನ್ನು ಕುರಿತು ಎರಿಕ್ ರೇಮಂಡನು ೨೦೦೧ರಲ್ಲಿ ಬರೆದ ಪ್ರಬಂಧವು ಈ ಮಾರ್ಗದಲ್ಲಿ ಪ್ರಸಿದ್ಧವಾದದ್ದು. ಕೇಳುವ ಮೊದಲು ಹುಡುಕಬೇಕು, ಕೈಪಿಡಿಯನ್ನು ಓದಬೇಕು, ಯಂತ್ರವು ತೋರಿಸಿದ ದೋಷವಾಕ್ಯವನ್ನು ಇದ್ದಂತೆಯೇ ಬರೆಯಬೇಕು, ತಾನು ಸಾಧಿಸಬೇಕಾದ ಗುರಿಯನ್ನು ಹೇಳಬೇಕು ಎಂಬ ಅದರ ಮಾತುಗಳು ಯುಕ್ತವಾಗಿವೆ. ಗುರಿಯನ್ನು ಹೇಳಬೇಕೆಂಬದಂತೂ ಬಹಳ ಮುಖ್ಯವಾದದ್ದು. ತೂತು ಬಿದ್ದ ಕೊಡದಿಂದ ನೀರು ಸೇದುವವನು ಬಾವಿ ಬತ್ತಿತೆಂದು ತಿಳಿದು ಉದ್ದವಾದ ಹಗ್ಗವನ್ನು ಕೇಳುತ್ತಾನೆ. ನಾವು ಹಗ್ಗವನ್ನೇ ಕೊಟ್ಟರೆ ಅವನಿಗೂ ನೀರಿಲ್ಲ, ನಮ್ಮ ಹಗ್ಗವೂ ಹೋಯಿತು. ಆದರೆ ಆ ಪ್ರಬಂಧದ ಧೋರಣೆಯಲ್ಲಿ ಒಂದು ಗಡಸುತನವುಂಟು. “ಕೈಪಿಡಿಯನ್ನು ಓದು” ಎಂದು ಗದರಿಸಿ ಕಳುಹಿಸುವ ವಾಡಿಕೆಯನ್ನು ಅದು ಸಮರ್ಥಿಸುತ್ತದೆ. ಪಾಠಶಾಲೆಯಲ್ಲಿ ನಮ್ಮ ಗುರುಗಳೂ ಸೂತ್ರವನ್ನು ಮತ್ತೆ ನೋಡಿಕೊಂಡು ಬಾ ಎಂದು ಎಬ್ಬಿಸಿ ಕಳುಹಿಸುತ್ತಿದ್ದರು. ಆದರೆ ಆ ಸೂತ್ರವು ನಮಗೆ ಕಂಠಸ್ಥವಾಗಿತ್ತು. ಇಂಗ್ಲಿಷಿನಲ್ಲಿರುವ ಕೈಪಿಡಿಯು ನಂದಗಡದ ಶಾಲೆಯ ಹುಡುಗನಿಗೆ ಕೈಗೆಟಕುವ ಕೈಪಿಡಿಯಾಗಲಾರದು.

ನೈಯಾಯಿಕರು ಕಥೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ತತ್ತ್ವವನ್ನು ತಿಳಿಯುವದಕ್ಕಾಗಿ ನಡೆಯುವದು ವಾದ. ಗೆಲ್ಲುವದಕ್ಕಾಗಿ ನಡೆಯುವದು ಜಲ್ಪ. ತನ್ನ ಪಕ್ಷವೇ ಇಲ್ಲದೆ ಪರರ ಪಕ್ಷವನ್ನು ಮುರಿಯುವದು ವಿತಂಡಾ. ಜಾಲದ ಲಿನಕ್ಸ್ ಪ್ರಶ್ನೋತ್ತರಗಳಲ್ಲಿ ಈ ಮೂರೂ ಯಥೇಷ್ಟವಾಗಿ ದೊರೆಯುತ್ತವೆ. ಉಬುಂಟು ಬಳಸುವವನೊಬ್ಬನು ಮುದ್ರಣಯಂತ್ರದ ಬಗ್ಗೆ ಕೇಳಿದರೆ, ಉಬುಂಟುವನ್ನೇ ಬಿಟ್ಟು ಬೇರೆ ವಿತರಣೆಯನ್ನು ಹಿಡಿ ಎಂದು ಬೋಧಿಸುವವನದು ವಿತಂಡಾ. ಇನ್ನು ಮಹಾಭಾಷ್ಯದ ಟೀಕಾಕಾರರು ಪೂರ್ವಪಕ್ಷಿ ಸಿದ್ಧಾಂತಿಗಳ ನಡುವೆ ಏಕದೇಶಿಯೆಂಬವನನ್ನು ಗುರುತಿಸುತ್ತಾರೆ. ಅವನ ಉತ್ತರವು ಸುಳ್ಳಲ್ಲ. ಆದರೆ ವಿಷಯದ ಒಂದು ಭಾಗಕ್ಕೆ ಮಾತ್ರ ಸಲ್ಲುತ್ತದೆ. ನನ್ನ ಎಸ್‌ಡಿಬಿ ಉತ್ತರವು ಏಕದೇಶಿಯ ಉತ್ತರವಾಗಿತ್ತು.

ಹಣವಿಲ್ಲದೆ, ಹೆಸರಿಲ್ಲದೆ ಜನರು ಈ ಕೆಲಸವನ್ನು ಏಕೆ ಮಾಡುವರೆಂಬದನ್ನು ವಿದ್ವಾಂಸರು ಶೋಧಿಸಿದ್ದಾರೆ. ಕರೀಮ್ ಲಖಾನಿ ಮತ್ತು ಎರಿಕ್ ವಾನ್ ಹಿಪ್ಪೆಲ್ ಎಂಬವರು ೨೦೦೩ರಲ್ಲಿ ರಿಸರ್ಚ್ ಪಾಲಿಸಿ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಲಿನಕ್ಸಿನಂತೆಯೇ ಮುಕ್ತವಾದ ಅಪಾಚೆ ಎಂಬ ತಂತ್ರಾಂಶದ ಬಳಕೆದಾರರ ಪ್ರಶ್ನೋತ್ತರಗಳನ್ನು ಪರೀಕ್ಷಿಸಿದೆ. ಉತ್ತರ ಹೇಳುವವರು ಉತ್ತರವನ್ನು ಬರೆಯುವದಕ್ಕೆ ಕಳೆಯುವ ಹೊತ್ತು ಅಲ್ಪವು. ಹೆಚ್ಚು ಹೊತ್ತು ಹೋಗುವದು ಇತರರ ಪ್ರಶ್ನೆಗಳನ್ನೂ ಉತ್ತರಗಳನ್ನೂ ಓದುವದರಲ್ಲಿ. ಅವರ ಶ್ರಮದಲ್ಲಿ ನೂರಕ್ಕೆ ೯೮ ಪಾಲು ಅವರಿಗೇ ಕಲಿಕೆಯ ಲಾಭವನ್ನು ಕೊಡುವದೆಂದು ಅವರು ಕಂಡರು. ಪಾಠ ಹೇಳಿದವರಿಗೆ ಇದು ಆಶ್ಚರ್ಯವಲ್ಲ. ವಿದ್ಯಾರ್ಥಿಯ ಶಂಕೆಗೆ ಹೆದರಿ ಹಿಂದಿನ ರಾತ್ರಿ ಗ್ರಂಥವನ್ನು ತೆರೆಯದ ಅಧ್ಯಾಪಕನಾರು?

ಈಗ ಭಾಷೆಯ ಮಾತು. ಲಿನಕ್ಸಿನ ಪರದೆಯ ಪದಗಳನ್ನು ಕನ್ನಡಿಸುವ ಕೆಲಸವನ್ನು ಸ್ವಯಂಸೇವಕರೂ ಸಂಸ್ಥೆಗಳ ಅನುವಾದಕರೂ ವರ್ಷಗಟ್ಟಲೆ ಮಾಡಿದ್ದಾರೆ. ಗ್ನೋಮ್ ಎಂಬ ಪರದೆವ್ಯವಸ್ಥೆಯ ಕನ್ನಡದಲ್ಲಿ ಫೈಲು ಕಡತವಾಗಿದೆ, ಫೋಲ್ಡರು ಕಡತಕೋಶವಾಗಿದೆ, ಪಾಸ್‌ವರ್ಡು ಗುಪ್ತಪದವಾಗಿದೆ. ಧಾತುಪ್ರತ್ಯಯಗಳಲ್ಲಿ ಬೆಳೆದ ನನಗೆ ಹೊಸ ಪದಗಳನ್ನು ಕಟ್ಟುವದೆಂದರೆ ಪ್ರೀತಿ. ಆದರೂ ಉತ್ತರ ಬರೆಯುವಾಗ ನಾನು ಆ ಪ್ರೀತಿಯನ್ನು ಅಡಗಿಸಿಕೊಳ್ಳುತ್ತೇನೆ. ಕೇಳುವವನು ನನ್ನ ಉತ್ತರವನ್ನು ತನ್ನ ಪರದೆಯೊಡನೆ ಹೋಲಿಸಿ ನೋಡುವವನು. ಅಲ್ಲಿರುವ ಪದವೇ ಇಲ್ಲಿಯೂ ಇರಬ��ಕು. ಪರದೆಯು ಪಾಸ್‌ವರ್ಡ್ ಎಂದರೆ ನಾನೂ ಪಾಸ್‌ವರ್ಡ್ ಎನ್ನುತ್ತೇನೆ. ಇಲ್ಲಿಯೇ ಒಂದು ವಿಪರ್ಯಾಸವುಂಟು. ಯಂತ್ರವು ದೋಷವನ್ನು ಕನ್ನಡದಲ್ಲಿ ಹೇಳಿದರೆ, ಆ ವಾಕ್ಯವನ್ನು ಜಾಲದಲ್ಲಿ ಹುಡುಕಿದಾಗ ಏನೂ ಸಿಕ್ಕುವದಿಲ್ಲ; ಏಕೆಂದರೆ ಆ ದೋಷಕ್ಕೆ ಉತ್ತರವನ್ನು ಬರೆದವರೆಲ್ಲರೂ ಇಂಗ್ಲಿಷ್ ವಾಕ್ಯದ ಕೆಳಗೆ ಬರೆದಿದ್ದಾರೆ. ಆಗ ಆದೇಶದ ಮುಂದೆ ಎಲ್‌ಸಿ-ಆಲ್ ಎಂಬ ಚರಪದಕ್ಕೆ ಸಿ ಎಂಬ ಬೆಲೆಯನ್ನು ಕೊಟ್ಟು ನಡೆಸಿರೆಂದು ಹೇಳಬೇಕಾಗುತ್ತದೆ. ಯಂತ್ರವು ಕನ್ನಡವನ್ನು ಬಿಟ್ಟು ಇಂಗ್ಲಿಷಿನಲ್ಲಿ ದೋಷವನ್ನು ಹೇಳುತ್ತದೆ. ಕನ್ನಡಿಗರು ಅಕ್ಕರೆಯಿಂದ ಮಾಡಿದ ಅನುವಾದವನ್ನು ಉತ್ತರ ದೊರೆಯುವದಕ್ಕಾಗಿ ಮರೆಮಾಡಿಸುವ ಈ ಸಲಹೆಯನ್ನು ಕೊಡುವಾಗಲೆಲ್ಲ ನನ್ನ ಮನಸ್ಸು ಮುದುಡುತ್ತದೆ. ಅನುವಾದದ ದೋಷವಲ್ಲವಿದು, ಕನ್ನಡದ ದೋಷವಾಕ್ಯಗಳ ಕೆಳಗೆ ಕನ್ನಡದ ಉತ್ತರಗಳು ಇಲ್ಲದಿರುವದೇ ಕಾರಣ.

ಯತ್ನಗಳು ನಡೆದಿಲ್ಲವೆಂದಲ್ಲ. ಓಂಶಿವಪ್ರಕಾಶರು ಲಿನಕ್ಸಾಯಣವೆಂಬ ಹೆಸರಿನಲ್ಲಿ ಲಿನಕ್ಸಿನ ಬಳಕೆಯನ್ನು ತಿಳಿಗನ್ನಡದಲ್ಲಿ ಬರೆದರು. ೨೦೧೧ರ ಸುಮಾರಿಗೆ ರಾಜ್ಯದ ಶಿಕ್ಷಣ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಸೇರಿ ಸರಕಾರಿ ಪ್ರೌಢಶಾಲೆಗಳ ಅಧ್ಯಾಪಕರಿಗಾಗಿ ಆರಂಭಿಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಉಬುಂಟುವನ್ನೇ ಬಳಸಿದರು. ಗಣಿತ, ವಿಜ್ಞಾನಗಳ ಅಧ್ಯಾಪಕರು ಪಾಠದ ಸಂದೇಹಗಳೊಡನೆ ಯಂತ್ರದ ಸಂದೇಹಗಳನ್ನೂ ಪರಸ್ಪರ ಕೇಳಿ ಹೇಳಿಕೊಂಡರು. ಕೇರಳದ ಸರಕಾರವು ತನ್ನ ಶಾಲೆಗಳಲ್ಲಿ ಲಿನಕ್ಸನ್ನೇ ಬೋಧಿಸುತ್ತಿರುವದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡ ಪಠ್ಯಪುಸ್ತಕದ ಮೂಲಕ ಅದನ್ನು ಕಲಿಯುತ್ತಾರೆ. ಕನ್ನಡದಲ್ಲಿ ಲಿನಕ್ಸ್ ಪ್ರಶ್ನೆಗಳನ್ನು ಕೇಳಬಲ್ಲ ಮಕ್ಕಳು ಕರ್ನಾಟಕದ ಗಡಿಯ ಆಚೆಗಿರುವದು ವಿಚಾರಾರ್ಹವಾದ ಸಂಗತಿ.

ನಮ್ಮ ಖಾನಾಪುರದ ಪ್ರಶ್ನೆಗಳು ಬಹುಮಟ್ಟಿಗೆ ಜಾಲಕ್ಕೆ ಹೋಗುವದೇ ಇಲ್ಲ, ದೂರವಾಣಿಯಲ್ಲಿ ಬರುತ್ತವೆ. ಮಳೆಗಾಲದಲ್ಲಿ ಮಲಪ್ರಭೆಯ ಉಗಮದ ಕಣಕುಂಬಿಯ ಕಡೆಯಿಂದ ಮಳೆ ಹಿಡಿದರೆ ದಿನಕ್ಕೆ ಹಲವು ಸಲ ವಿದ್ಯುತ್ತು ಹೋಗುತ್ತದೆ. ಬರೆಯುತ್ತಿರುವಾಗಲೇ ಯಂತ್ರವು ಆರಿಹೋದರೆ ಮರಳಿ ಹಚ್ಚಿದಾಗ ಪರದೆಯ ಮೇಲೆ ಕಪ್ಪು ನೆಲದಲ್ಲಿ ಇನಿಟ್‌ರಾಮ್‌ಎಫ್‌ಎಸ್ ಎಂಬ ಒಂದು ಮಾತು ನಿಂತಿರುವದುಂಟು. ತಟ್ಟೆಯ ಲೆಕ್ಕಪತ್ರವು ಅರ್ಧಕ್ಕೆ ನಿಂತು ತಾಳೆ ತಪ್ಪಿದೆಯೆಂದು ಅದರ ಅರ್ಥ. ಅದರ ಮೇಲಿನ ಸಾಲುಗಳಲ್ಲಿ ಯಂತ್ರವೇ ಹೆಸರಿಸಿದ ತಟ್ಟೆಯ ಭಾಗಕ್ಕೆ ಎಫ್‌ಎಸ್‌ಸಿಕೆ ಎಂಬ ಆದೇಶವನ್ನು ಕೊಟ್ಟರೆ ಸಾಮಾನ್ಯವಾಗಿ ಸರಿಯಾಗುತ್ತದೆ. ಇದನ್ನೇ ಜೂನ್‌ನಿಂದ ಸಪ್ಟೆಂಬರಿನವರೆಗೆ ಎಷ್ಟು ಸಲ ಬಾಯಿಂದ ಹೇಳಿದ್ದೇನೆಂಬದನ್ನು ಎಣಿಸಿಲ್ಲ. ಮತ್ತೊಂದು ಪ್ರಶ್ನೆ ಎರಡು ಲಿಪಿಗಳದು. ಇಲ್ಲಿಯ ಮನೆಗಳಲ್ಲಿ ಮರಾಠಿಯೂ ಕನ್ನಡವೂ ಒಂದೇ ಹೊಸ್ತಿಲು ದಾಟುತ್ತವೆ. ಲಗ್ನಪತ್ರಿಕೆಯು ನಾಗರಿಯಲ್ಲಿ, ತಾಲೂಕು ಕಚೇರಿಯ ಅರ್ಜಿಯು ಕನ್ನಡದಲ್ಲಿ. ಎರಡಕ್ಕೂ ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸವನ್ನು ಹಾಕಿಕೊಂಡರೆ ಎರಡು ಲಿಪಿಗಳ ಕಕಾರವೂ ಒಂದೇ ಕೀಲಿಯ ಮೇಲಿರುವದರಿಂದ ಬೆರಳಿಗೆ ಎರಡು ಪಾಠಗಳ ಶ್ರಮವಿಲ್ಲ. ಇದನ್ನು ಹೇಳಿದಾಗ ಮರಾಠಿ ಮಾತಾಡುವ ನೆರೆಯವರಿಗೂ ಕನ್ನಡದವರಿಗೂ ಆಗುವ ಸಂತೋಷವು ಒಂದೇ ಬಗೆಯದು.

ದೂರವಾಣಿಯಲ್ಲಿ ಹೇಳಿದ ಉತ್ತರವು ಒಬ್ಬನ ಕಿವಿಗೆ ಬಿದ್ದು ಮುಗಿಯುತ್ತದೆ. ಬರೆದ ಉತ್ತರವು ಮುಂದಿನವನು ಹುಡುಕಿದಾಗ ದೊರೆಯುತ್ತದೆ. ಈ ಭೇದವು ಇಂದು ಮೊದಲಿಗಿಂತ ಹೆಚ್ಚು ಮಹತ್ವದ್ದಾಗಿದೆ. ೨೦೨೨ರ ನವೆಂಬರಿನಿಂದೀಚೆಗೆ, ಪ್ರಶ್ನೆ ಕೇಳಿದೊಡನೆ ಮನುಷ್ಯನಂತೆ ಉತ್ತರವನ್ನು ಬರೆಯುವ ಯಂತ್ರಗಳು ಸರ್ವರಿಗೂ ದೊರೆತಿವೆ. ಇಂಥ ಯಂತ್ರಗಳಿಂದ ಬರೆಯಿಸಿದ ಉತ್ತರಗಳನ್ನು ಸ್ಟ್ಯಾಕ್ ಓವರ್‌ಫ್ಲೋ ಎಂಬ ಹೆಸರಾದ ಪ್ರಶ್ನೋತ್ತರಸ್ಥಾನವು ಅದೇ ವರ್ಷದ ಡಿಸೆಂಬರಿನಲ್ಲಿ ನಿಷೇಧಿಸಿತು. ನೋಡುವದಕ್ಕೆ ಸರಿಯೆನಿಸಿ ತಪ್ಪಾಗಿರುವ ಉತ್ತರಗಳ ನೆರೆಯು ಬಂದದ್ದೇ ಕಾರಣ. ಅನಂತರ ಅಲ್ಲಿ ಮನುಷ್ಯರು ಕೇಳುವ ಪ್ರಶ್ನೆಗಳೂ ಬಹಳವಾಗಿ ಇಳಿದವು. ಯಂತ್ರದ ಉತ್ತರವನ್ನು ನಾನು ತಿರಸ್ಕರಿಸುವವನಲ್ಲ. ಎಷ್ಟೋ ಸಲ ಅದು ನನಗೂ ದಾರಿ ತೋರಿಸಿದೆ. ಆದರೆ ಅದು ಕಲಿತದ್ದು ಹೆಸರಿಲ್ಲದ ಸಾವಿರಾರು ಜನರು ಮೂವತ್ತು ವರ್ಷ ಬರೆದಿಟ್ಟ ಬರಹಗಳಿಂದ. ಇಂಗ್ಲಿಷಿನಲ್ಲಿ ಆ ರಾಶಿಯು ಮೊದಲೇ ಬಿದ್ದಿತ್ತು. ಕನ್ನಡದಲ್ಲಿ ನಾವು ಅದನ್ನು ಕೂಡಿಸುವ ಮೊದಲೇ ಕೂಡಿಸುವವರ ಸಂಖ್ಯೆಯು ಕ್ಷೀಣಿಸುತ್ತಿದೆ.

ಇದೇ ಹೊತ್ತಿಗೆ ಪ್ರಶ್ನೆಗಳು ಹೆಚ್ಚುವ ಕಾರಣವೂ ಒದಗಿದೆ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ರಕ್ಷಣಾಪರಿಷ್ಕರಣಗಳನ್ನು ೨೦೨೫ನೆಯ ಇಸವಿಯ ಅಕ್ಟೋಬರ್ ೧೪ರಂದು ನಿಲ್ಲಿಸಿತು. ವಿಂಡೋಸ್ ೧೧ಕ್ಕೆ ಬೇಕಾದ ಭದ್ರತಾ ಅಂಗವೂ ಹೊಸ ಸಂಸ್ಕಾರಕವೂ ಹಳೆಯ ಯಂತ್ರಗಳಲ್ಲಿಲ್ಲ. ಆ ಯಂತ್ರಗಳು ಕೆಟ್ಟಿಲ್ಲ. ಲಿನಕ್ಸ್ ಹಾಕಿದರೆ ಇನ್ನೂ ಹಲವು ವರ್ಷ ದುಡಿಯಬಲ್ಲವು. ಬೆರಳಚ್ಚು ಅಂಗಡಿಗಳಿಂದಲೂ ಒಂದೆರಡು ಶಾಲೆಗಳಿಂದಲೂ ನನಗೆ ಈಗಾಗಲೇ ಕೇಳಿಕೆಗಳು ಬಂದಿವೆ. ಅವರ ಮೊದಲ ಪ್ರಶ್ನೆಯು ಒಂದೇ: ನಮ್ಮ ಹಳೆಯ ನುಡಿ ಕಡತಗಳು ಲಿನಕ್ಸಿನಲ್ಲಿ ತೆರೆಯುವವೇ?

ಈ ಪ್ರಶ್ನೆಗೆ ಉತ್ತರವನ್ನು ಕನ್ನಡದಲ್ಲಿ ಬರೆಯತೊಡಗಿದ್ದೇನೆ. ಸಾದಾ ಗದ್ಯವು ಪರಿವರ್ತಕದಿಂದ ಚೆನ್ನಾಗಿ ತಿರುಗುತ್ತದೆ. ಕೋಷ್ಟಕಗಳೂ, ಕನ್ನಡದ ನಡುವೆ ಇಂಗ್ಲಿಷ್ ಪದಗಳು ಬೆರೆತ ಅರ್ಜಿಗಳೂ ತೊಡಕು ಕೊಡುತ್ತವೆ. ನಿಜವಾದ ಇಂಗ್ಲಿಷ್ ಅಕ್ಷರವನ್ನೂ ಪರಿವರ್ತಕವು ಕನ್ನಡದ ವೇಷವೆಂದು ತಿಳಿದು ಬದಲಿಸಿಬಿಡುತ್ತದೆ. ಒಂದೊಂದು ತುಣುಕು ಯಾವ ಫಾಂಟಿನಲ್ಲಿದೆಯೆಂದು ನೋಡಿ ಬೇರ್ಪಡಿಸಬೇಕು. ಹಳೆಯ ಶಾಸನಪಾಠಗಳನ್ನಾಗಲಿ, ನಿಘಂಟಿನ ಕರಡುಗಳನ್ನಾಗಲಿ ಇಂಥ ಕಡತಗಳಲ್ಲಿ ಇಟ್ಟುಕೊಂಡಿರುವ ವಾಚಕರು, ಪರಿವರ್ತನೆಯಲ್ಲಿ ತಮಗೆ ಯಾವ ಯಾವ ಅಕ್ಷರಗಳು ತಪ್ಪಿದವೆಂಬದನ್ನು ಮೂಲ ಮತ್ತು ಪರಿವರ್ತಿತ ಪಾಠಗಳೆರಡರ ಸಹಿತ ಪತ್ರಿಕೆಯ ವಿಳಾಸಕ್ಕೆ ತಿಳಿಸಿದರೆ ಉಪಕೃತನಾಗುವೆನು. ಕಡತಗಳನ್ನು ಕಳುಹಿಸುವ ಮುಂಚೆ ಒಂದು ಪ್ರತಿಯನ್ನು ಬೇರೆ ತಟ್ಟೆಯಲ್ಲಿ ತೆಗೆದಿಡತಕ್ಕದ್ದು.